ಪೊಟ್ಯಾಸಿಯಂ ಏರಿದಾಗ ಇಸಿಜಿಯಲ್ಲಿ ನಾನು ಏನು ನೋಡುತ್ತೇನೆ

ರಕ್ತದ ಪೊಟ್ಯಾಸಿಯಂ ಲೀಟರಿಗೆ 6.5 ಮಿಲಿಮೋಲ್ ದಾಟಿದೆ ಎಂದು ಲ್ಯಾಬ್‌ನಿಂದ ಕರೆ ಬಂದರೆ ಮೊದಲು ಹನ್ನೆರಡು ಲೀಡ್‌ಗಳ ಇಸಿಜಿ ತೆಗೆಸಿ, ಮಾನಿಟರ್ ಹಾಕಿಸುತ್ತೇನೆ. ರಕ್ತವನ್ನು ಮತ್ತೊಮ್ಮೆ ಕಳಿಸುತ್ತೇನೆ, ಆದರೆ ಇಸಿಜಿ ಕೆಟ್ಟಿದ್ದರೆ ಆ ವರದಿಗೆ ಕಾಯುವುದಿಲ್ಲ.

ಹೃದಯದ ಸ್ನಾಯುಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ರಕ್ತದಲ್ಲಿ 3.5ರಿಂದ 5. ಈ ಅಂತರದಿಂದಲೇ ವಿಶ್ರಾಂತಿಯಲ್ಲಿರುವ ಕೋಶದ ವೋಲ್ಟೇಜ್ ಮೈನಸ್ 90 ಮಿಲಿವೋಲ್ಟ್ ಆಸುಪಾಸು ನಿಂತಿರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದಂತೆ ಅದು ಮೈನಸ್ 80ರತ್ತ ಸರಿಯುತ್ತದೆ. ಆಗ ಸೋಡಿಯಂ ಚಾನೆಲ್‌ಗಳಲ್ಲಿ (ಕೋಶದೊಳಕ್ಕೆ ಸೋಡಿಯಂ ಬಿಡುವ ಬಾಗಿಲುಗಳು) ಹಲವು ನಿಷ್ಕ್ರಿಯವಾಗಿಯೇ ಉಳಿದು, ವಿದ್ಯುತ್ ಸಂಚಾರ ನಿಧಾನವಾಗುತ್ತದೆ. ಇನ್ನೊಂದೆಡೆ ಪೊಟ್ಯಾಸಿಯಂ ಚಾನೆಲ್‌ಗಳು ಚುರುಕಾಗಿ, ಪ್ರತಿ ಬಡಿತದ ನಂತರ ಕೋಶ ಬೇಗನೆ ಹಳೆಯ ಸ್ಥಿತಿಗೆ ಮರಳುತ್ತದೆ. ಇಸಿಜಿಯ ಬದಲಾವಣೆಗಳೆಲ್ಲ ಈ ಎರಡರಿಂದಲೇ ಹುಟ್ಟುವಂಥವು.

ಎದೆಯ ಮೇಲಿನ ಲೀಡ್‌ಗಳಾದ ವಿ2ರಿಂದ ವಿ4ರವರೆಗಿನ ಟಿ ಅಲೆಯನ್ನು, ಅಂದರೆ ಬಡಿತದ ನಂತರ ಹೃತ್ಕುಕ್ಷಿ ಹಳೆಯ ಸ್ಥಿತಿಗೆ ಮರಳುವ ಗುರುತನ್ನು, ಮೊದಲು ನೋಡುತ್ತೇನೆ. ಎತ್ತರಕ್ಕಿಂತ ಆಕಾರ ಮುಖ್ಯ: ಬುಡ ಕಿರಿದು, ಎರಡೂ ಬದಿ ಸಮ, ತುದಿ ಚೂಪು. ಹಳೆಯ ಇಸಿಜಿ ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಲೇಬೇಕು. ಆಮೇಲೆ ಹೃತ್ಕರ್ಣದ ವಿದ್ಯುತ್ತನ್ನು ತೋರಿಸುವ ಪಿ ಅಲೆ ಚಪ್ಪಟೆಯಾಗುತ್ತದೆ, ಪಿಯಿಂದ ಕ್ಯುಆರ್‌ಎಸ್‌ವರೆಗಿನ ಪಿಆರ್ ಅಂತರ ಉದ್ದವಾಗುತ್ತದೆ. ಹೃತ್ಕರ್ಣದ ಸ್ನಾಯು, ಬಡಿತ ಹುಟ್ಟಿಸುವ ಸೈನಸ್ ನೋಡ್‌ಗಿಂತ ಬೇಗ ಸೋಲುವುದರಿಂದ, ನೋಡ್ ಕೆಲಸ ಮಾಡುತ್ತಿದ್ದರೂ ಪಿ ಕಾಣದೇ ಹೋಗಬಹುದು. ಹೃತ್ಕುಕ್ಷಿಯ ವಿದ್ಯುತ್ತನ್ನು ತೋರಿಸುವ ಕ್ಯುಆರ್‌ಎಸ್ ಇಸಿಜಿ ಕಾಗದದ ಮೂರು ಸಣ್ಣ ಚೌಕಗಳನ್ನು ಮೀರಿ ಅಗಲವಾದರೆ ಇನ್ನು ಸಮಯವಿಲ್ಲ. ಅದು ಟಿ ಜೊತೆ ಬೆಸೆದು ಒಂದೇ ಏರಿಳಿತವಾದರೆ ಮುಂದಿನದು ಹೃದಯಸ್ತಂಭನ.

ಈ ಬದಲಾವಣೆಗಳು ಕ್ರಮವಾಗಿಯೇ ಬರುತ್ತವೆ ಎಂದು ನಂಬಬಾರದು. ಪೊಟ್ಯಾಸಿಯಂ 7 ದಾಟಿದರೂ ಇಸಿಜಿ ಸಹಜವಾಗಿರಬಹುದು. ಹಾಗಾಗಿ ಸಹಜ ಇಸಿಜಿ ನೋಡಿ ಸುಮ್ಮನಿರುವುದು ತಪ್ಪು. ಅಗಲವಾದ ಕ್ಯುಆರ್‌ಎಸ್ ಅನ್ನು ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ (ಹೃತ್ಕುಕ್ಷಿಯಿಂದ ಹುಟ್ಟುವ ಅತಿವೇಗದ ಬಡಿತ) ಎಂದುಕೊಂಡು ಲಿಗ್ನೋಕೇನ್ ಕೊಡುವುದು ಇನ್ನೂ ಅಪಾಯ, ಏಕೆಂದರೆ ಅದು ಉಳಿದಿರುವ ಸೋಡಿಯಂ ಚಾನೆಲ್‌ಗಳನ್ನೂ ತಡೆಯುತ್ತದೆ. ಕ್ಯುಆರ್‌ಎಸ್ ಅಗಲ, ಬಡಿತ ನಿಧಾನ ಎಂದಾದರೆ ನನ್ನ ಮೊದಲ ಅನುಮಾನ ಪೊಟ್ಯಾಸಿಯಂ ಮೇಲೆಯೇ.

ಇಸಿಜಿ ಬದಲಾಗಿದ್ದರೆ 10 ಶೇಕಡಾ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿಲೀಟರ್, 3ರಿಂದ 5 ನಿಮಿಷದಲ್ಲಿ, ಮಾನಿಟರ್ ಮೇಲೆ ಕಣ್ಣಿಟ್ಟು ಕೊಡುತ್ತೇನೆ. ಐದು ನಿಮಿಷದಲ್ಲಿ ಕ್ಯುಆರ್‌ಎಸ್ ಕಿರಿದಾಗದಿದ್ದರೆ ಮತ್ತೊಮ್ಮೆ. ಇದು ಪೊಟ್ಯಾಸಿಯಂ ಅನ್ನು ಒಂದಿಷ್ಟೂ ಇಳಿಸುವುದಿಲ್ಲ. ಹೃದಯಕ್ಕೆ 30ರಿಂದ 60 ನಿಮಿಷ ರಕ್ಷಣೆ ಕೊಡುತ್ತದೆ, ಅಷ್ಟೇ. ಬೈಕಾರ್ಬೊನೇಟ್ ಹೋಗುತ್ತಿರುವ ಲೈನಿನಲ್ಲಿ ಕ್ಯಾಲ್ಸಿಯಂ ಬಿಟ್ಟರೆ ಬಿಳಿ ಗಷ್ಟಾಗಿ ಲೈನ್ ಕಟ್ಟಿಕೊಳ್ಳುತ್ತದೆ.

ಕೂಡಲೇ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, ಜೊತೆಗೆ 25 ಗ್ರಾಂ ಗ್ಲೂಕೋಸ್, ಅಂದರೆ 25 ಶೇಕಡಾ ಡೆಕ್ಸ್‌ಟ್ರೋಸ್ 100 ಮಿಲಿಲೀಟರ್. ಸಕ್ಕರೆ ಮೊದಲೇ 250 ಮೀರಿದ್ದರೆ ಡೆಕ್ಸ್‌ಟ್ರೋಸ್ ಬೇಡ. ಬಾಟಲಿಯೂ ಸಿರಿಂಜೂ ಹೊಂದುತ್ತವೆಯೇ ಎಂದು ಓದಿ ನೋಡಬೇಕು: ಯು-100 (ಮಿಲಿಲೀಟರಿಗೆ 100 ಯೂನಿಟ್) ಇನ್ಸುಲಿನನ್ನು ಯು-40 (ಮಿಲಿಲೀಟರಿಗೆ 40) ಸಿರಿಂಜಿನ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಕಿಡ್ನಿ ಸೋತವರಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ, ಗ್ಲೂಕೋಸ್ ಬೇಗ ಮುಗಿಯುತ್ತದೆ. ಅದಕ್ಕಾಗಿ ಆರು ಗಂಟೆ ಕಾಲ ಪ್ರತಿ ಗಂಟೆಗೆ ಸಕ್ಕರೆ ನೋಡಿಸುತ್ತೇನೆ. ಸಾಲ್‌ಬ್ಯುಟಮಾಲ್ ನೆಬ್ಯುಲೈಸೇಶನ್ನಿಗೆ 10ರಿಂದ 20 ಮಿಲಿಗ್ರಾಂ ಬೇಕು. ಆಸ್ತಮಾಕ್ಕೆ ಕೊಡುವ 2.5 ಇಲ್ಲಿ ಸಾಲದು. ಹೃದಯದ ರಕ್ತನಾಳದ ಕಾಯಿಲೆ ಇದ್ದವರಿಗೆ ಕಡಿಮೆ ಪ್ರಮಾಣವೇ ಇರಲಿ.

ಇಸಿಜಿ ಸಹಜವಾಗಿದ್ದು ಅಂಕಿ ಮಾತ್ರ ಹೆಚ್ಚಿದ್ದರೆ ಸ್ಯಾಂಪಲ್ಲನ್ನೂ ಅನುಮಾನಿಸಬೇಕು. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ ಮುಷ್ಟಿ ಹಿಂಡಿಸಿದ್ದರೆ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ರಕ್ತಕಣ ಒಡೆದಿದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ಪೊಟ್ಯಾಸಿಯಂ ತೀರಾ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ ಎಂದು ಒಟ್ಟಿಗೆ ಬಂದರೆ ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ಪೊಟ್ಯಾಸಿಯಂ ಲವಣ) ಬೆರೆತಿರಬಹುದು.

ಇನ್ಸುಲಿನ್, ಸಾಲ್‌ಬ್ಯುಟಮಾಲ್ ಎರಡೂ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ತಳ್ಳುತ್ತವೆಯೇ ಹೊರತು ದೇಹದಿಂದ ಹೊರಹಾಕುವುದಿಲ್ಲ. ಕೆಲವು ಗಂಟೆಗಳಲ್ಲಿ ಅದು ಮರಳುತ್ತದೆ. ಹೊರಹಾಕಲು, ಮೂತ್ರ ಬರುತ್ತಿದ್ದರೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಇಲ್ಲವಾದರೆ ಡಯಾಲಿಸಿಸ್. ಆ ಏರ್ಪಾಡನ್ನು ಕ್ಯಾಲ್ಸಿಯಂ ಹೋಗುತ್ತಿರುವಾಗಲೇ ಶುರು ಮಾಡಿ, 1, 2, 4 ಮತ್ತು 6ನೇ ಗಂಟೆಗೆ ಪೊಟ್ಯಾಸಿಯಂ ಮತ್ತೆ ಪರೀಕ್ಷಿಸಲು ಚೀಟಿಯಲ್ಲಿ ಬರೆದಿಡುತ್ತೇನೆ.