ನಾಲ್ಕು ಕಾಗದಗಳ ಲೆಕ್ಕ: ಹಳೆಯ ಕನ್ನಡ ಚಿತ್ರಗಳನ್ನು ವಿಕಿಪೀಡಿಯಕ್ಕೆ ಬರೆದ ನನ್ನ ಅನುಭವ

ಅಂತರ್ಜಾಲದಲ್ಲಿ ಒಂದು ಕೊಂಡಿಯೂ ಸಿಗದ ಚಿತ್ರದ ಬಗ್ಗೆ ವಿಕಿಪೀಡಿಯದಲ್ಲಿ ಬರೆದರೆ ಲೇಖನ ಒಂದು ವಾರವೂ ಬಾಳುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಸಂಪಾದನೆಯಲ್ಲಿ ನನಗಿಂತ ಹಳಬರೂ ಅವರಲ್ಲಿ ಇದ್ದರು. ಈಗ ಅಂಥ ಲೇಖನಗಳು ನನ್ನ ಖಾತೆಯಲ್ಲಿ ಇನ್ನೂರರ ಮೇಲಿವೆ. ಅಳಿಸಿಹೋದವು, ನೆನಪಿನಿಂದ ಹೇಳುವುದಾದರೆ, ನಾಲ್ಕೋ ಐದೋ. ಕೆಲವು ಚಿತ್ರಗಳ ಬಿಡುಗಡೆ ದಿನಾಂಕವನ್ನು ಇಂಗ್ಲಿಷ್ ವಿಕಿಪೀಡಿಯದವರೇ ನನ್ನ ಲೇಖನದಿಂದ ಎತ್ತಿಕೊಂಡು ಹೋಗಿದ್ದಾರೆ, ಅದೂ ಉಲ್ಲೇಖದ ಅಲ್ಪವಿರಾಮದ ಸಮೇತ. ಇಷ್ಟಾದ ಮೇಲೆ ಈ ಕೆಲಸ ಮಾಡುವ ಬಗೆಯನ್ನು ಬರೆಯಬಹುದು ಎನ್ನಿಸಿತು. ಖಾತೆ ತೆರೆಯುವುದು, ಟೆಂಪ್ಲೇಟು ಹಾಕುವುದು ಎಲ್ಲವನ್ನೂ ಬಿಟ್ಟುಬಿಡುತ್ತೇನೆ. ಇದನ್ನು ಓದುವ ತಾಳ್ಮೆ ಇರುವವರಿಗೆ ಅವೆಲ್ಲ ಗೊತ್ತಿರುತ್ತವೆ.

ಮೊದಲ ವರ್ಷ ಎಲ್ಲರಂತೆ ನಾನೂ ಅನುವಾದ ಉಪಕರಣ ಹಿಡಿದು ಕುಳಿತೆ. ಅದರಿಂದ ಹುಟ್ಟಿದ್ದು ಚುಟುಕುಗಳ, ಅಂದರೆ ನಾಲ್ಕು ಸಾಲಿನ ಅರೆಬರೆ ಲೇಖನಗಳ ರಾಶಿ. ಇಂಗ್ಲಿಷ್‌ನಲ್ಲೇ ಮೂರು ಸಾಲು ಮತ್ತು ಒಂದು ಹಾಡಿನ ಪಟ್ಟಿ ಇರುವ ಲೇಖನವನ್ನು ಕನ್ನಡಕ್ಕೆ ತಂದರೆ ಬರುವುದು ಮೂರೇ ಸಾಲು. ಅದರ ಉಲ್ಲೇಖಗಳಲ್ಲಿ ಅರ್ಧ ಸತ್ತ ಕೊಂಡಿಗಳು, ಉಳಿದರ್ಧ ಬಳಕೆದಾರರೇ ತುಂಬುವ ಚಿತ್ರಮಾಹಿತಿ ತಾಣಗಳು. 1934ರ ಮಾರ್ಚ್ 3ರಂದು ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದರೂ ಅದು ಕೊಲ್ಹಾಪುರದಲ್ಲಿ ಚಿತ್ರೀಕರಣವಾದದ್ದು, ವೈ.ವಿ. ರಾವ್ ನಿರ್ದೇಶಿಸಿದ್ದು, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅಭಿನಯಿಸಿದ್ದು ಎಲ್ಲವೂ ದಾಖಲೆಯಲ್ಲಿವೆ. ಆದರೆ ಎಪ್ಪತ್ತರ ದಶಕದ ಯಾವುದೋ ಚಿತ್ರ, ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಲು ಸಿಗುವಂಥದ್ದು, ಯಾವ ತಿಂಗಳು ಬಿಡುಗಡೆಯಾಯಿತು ಎಂದು ಕೇಳಿದರೆ ಉತ್ತರವಿಲ್ಲ.

ಎರಡನೆಯ ಸೋಲು ಹೆಚ್ಚು ನೋಯಿಸಿತು. ಅರವತ್ತರ ದಶಕದಲ್ಲಿ ಸ್ಟುಡಿಯೋಗಳಲ್ಲಿ ಸಹಾಯಕರಾಗಿದ್ದ ಹಿರಿಯರೊಬ್ಬರು ಸಿಕ್ಕಿದ್ದರು. ಯಾವ ಹಾಡು ಸ್ಟುಡಿಯೋದ ಯಾವ ಫ್ಲೋರಿನಲ್ಲಿ ಚಿತ್ರಿತವಾಯಿತು ಎಂಬುದೂ ಅವರ ನಾಲಿಗೆಯ ತುದಿಯಲ್ಲಿತ್ತು. ಗಂಟೆಗಟ್ಟಲೆ ಧ್ವನಿಮುದ್ರಿಸಿಕೊಂಡೆ. ಬೇರೆಲ್ಲೂ ಪ್ರಕಟವಾಗದ್ದರಿಂದ ವಿಕಿಪೀಡಿಯದ ಕಣ್ಣಿಗೆ ಅದೆಲ್ಲ ಸ್ವಂತ ಸಂಶೋಧನೆ, ಒಂದು ಸಾಲೂ ನಿಲ್ಲಲಿಲ್ಲ. ಆಮೇಲೆ ಸಣ್ಣ ವಾರಪತ್ರಿಕೆಯೊಂದರ ಪತ್ರಕರ್ತರಿಗೆ ಆ ಹಿರಿಯರ ಮನೆ ತೋರಿಸಿದೆ. ಅವರು ತಮ್ಮ ಪ್ರಶ್ನೆಗಳನ್ನು ತಾವೇ ಕೇಳಿ, ಎರಡು ಪುಟ ಸಂದರ್ಶನ ಅಚ್ಚು ಮಾಡಿದರು. ಅಚ್ಚಾದ ಆ ಪುಟಗಳು ಇಂದಿಗೂ ಏಳೆಂಟು ಲೇಖನಗಳಲ್ಲಿ ಉಲ್ಲೇಖವಾಗಿ ನಿಂತಿವೆ. ಇದು ಅಡ್ಡದಾರಿ ಎಂದು ಚರ್ಚೆಪುಟದಲ್ಲಿ ಒಬ್ಬರು ಗೊಣಗಿದರು. ಪತ್ರಿಕೆಯ ಸಂಪಾದಕರು ಒಪ್ಪಿ ಅಚ್ಚು ಹಾಕಿದ್ದು ಅಡ್ಡದಾರಿ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಮರುಮಾತು ಬರಲಿಲ್ಲ.

ಅಲ್ಲಿಂದ ಮುಂದೆ ಒಂದು ನಿಯಮ ಮಾಡಿಕೊಂಡೆ. ನಾಲ್ಕು ಕಾಗದ ಕೈಗೆ ಬರುವವರೆಗೆ ಕರಡು ಬರೆಯುವ ಪ್ರಯೋಗಪುಟವನ್ನೂ ತೆರೆಯುವುದಿಲ್ಲ. ಹಾಡಿನ ಪುಸ್ತಕ, ದಿನಪತ್ರಿಕೆಯ ಜಾಹೀರಾತು, ಸೆನ್ಸಾರ್ ಪ್ರಮಾಣಪತ್ರ, ಒಂದು ವಿಮರ್ಶೆ. ಲೇಖನದ ಪಕ್ಕದಲ್ಲಿ ಮುಖ್ಯ ವಿವರಗಳನ್ನು ಕೊಡುವ ಮಾಹಿತಿಚೌಕದ ಪ್ರತಿ ಸಾಲಿಗೂ ಈ ನಾಲ್ಕರಲ್ಲಿ ಒಂದು ಜಾಮೀನು ನಿಲ್ಲಬೇಕು. ಉಲ್ಲೇಖಕ್ಕೆ ಕೊಂಡಿ ಇರಲೇಬೇಕೆಂಬ ನಿಯಮ ವಿಕಿಪೀಡಿಯದಲ್ಲಿ ಎಂದೂ ಇರಲಿಲ್ಲ. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಇದ್ದರೆ ಸಾಕು. ನಾನು ಜಾಹೀರಾತಿನ ಮುಖ್ಯ ಸಾಲನ್ನೂ ಅಕ್ಷರಶಃ ಟೈಪಿಸಿ ಉಲ್ಲೇಖದೊಳಗೇ ಇಡುತ್ತೇನೆ. ಅನುಮಾನಿಸುವವರ ಬಾಯಿ ಮುಚ್ಚಿಸಿದ್ದು ಈ ಒಂದು ಅಭ್ಯಾಸ.

ಹಾಡಿನ ಪುಸ್ತಕಗಳ ವಿಷಯಕ್ಕೆ ಬಂದರೆ ಹಣದ ಮಾತು ಬಂದೇ ಬರುತ್ತದೆ. ಚಿತ್ರಮಂದಿರದ ಬಾಗಿಲಲ್ಲಿ ಬಿಡಿಕಾಸಿಗೆ ಮಾರುತ್ತಿದ್ದ ಎಂಟು ಪುಟದ ಪುಸ್ತಿಕೆ ಅದು. ಒಂದು ನನ್ನ ಮುಂದಿದೆ: ಹೊದಿಕೆಗೆ ಒಂದೇ ಬಣ್ಣದ ಮಸಿ, ಒಳಗೆ ಮಾಸಿದ ನ್ಯೂಸ್‌ಪ್ರಿಂಟ್, ನಡುವೆ ತುಕ್ಕು ಹಿಡಿದ ಒಂದು ಪಿನ್ನು. ಎರಡನೆಯ ಪುಟದಲ್ಲಿ ತಾರಾಗಣ, ಮೂರನೆಯದರಲ್ಲಿ ಕಥಾಸಾರ. ನಾಯಕಿಯ ಅಣ್ಣ ಮನೆ ಬಿಟ್ಟು ಹೋಗುವಲ್ಲಿಗೆ ಕಥೆ ನಿಂತು ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ’ ಎಂದು ಮುಗಿಯುತ್ತದೆ. ಕೊನೆಯ ಪುಟದ ಅಡಿಯಲ್ಲಿ ಮುದ್ರಣಾಲಯದ ಹೆಸರಿದೆ, ಇಸವಿ ಇಲ್ಲ. ಇಸವಿ ಇರುವ ಪುಸ್ತಿಕೆ ಹತ್ತರಲ್ಲಿ ಒಂದು ಸಿಕ್ಕರೆ ಪುಣ್ಯ. ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತ ಹಳೆಯ ಕಾಗದ ಮಾರುವವರಲ್ಲಿ ಮೊದಮೊದಲು ಕಟ್ಟಿಗೆ ಇಷ್ಟು ಎಂದು ಕೊಂಡರೆ ಒಂದಕ್ಕೆ ಹತ್ತು ಹದಿನೈದು ರೂಪಾಯಿ ಬೀಳುತ್ತಿತ್ತು. ಈಗ ಸಂಗ್ರಾಹಕರು ನುಗ್ಗಿ ಬೆಲೆ ಮುಗಿಲಿಗೇರಿದೆ. ಹೊದಿಕೆಯ ಮೇಲೆ ರಾಜ್‌ಕುಮಾರ್ ಮುಖವಿದ್ದರೆ ನಾಲ್ಕುನೂರರಿಂದ ಮಾತು ಶುರು. ನನಗೆ ಅದರಿಂದ ನಷ್ಟವೇನಿಲ್ಲ. ರಾಜ್‌ಕುಮಾರ್ ಚಿತ್ರಗಳಿಗೆ ಬರೆಯುವವರು ಬೇಕಾದಷ್ಟಿದ್ದಾರೆ. ಯಾರೂ ಕೇಳದ ಹೊದಿಕೆಗಳು ಇಂದಿಗೂ ನಲವತ್ತು ಐವತ್ತಕ್ಕೆ ಸಿಗುತ್ತವೆ, ಖಾಲಿ ಬಿದ್ದಿರುವ ಲೇಖನಗಳೂ ಆ ಚಿತ್ರಗಳವೇ.

ಪುಸ್ತಿಕೆಯ ಇನ್ನೊಂದು ತೊಂದರೆ ಹೆಸರುಗಳದು. ‘ಅಶ್ವಥ್’ ಎಂದಷ್ಟೇ ಅಚ್ಚಾಗಿದ್ದರೆ ನಟ ಕೆ.ಎಸ್. ಅಶ್ವಥ್ ಅವರೇ, ಸಂಗೀತದ ಸಿ. ಅಶ್ವಥ್ ಅವರೇ? ತಾರಾಗಣದಲ್ಲಿದ್ದರೆ ಸರಿ, ‘ಸಹಕಾರ’ ಎಂಬ ತಲೆಬರಹದಡಿ ಇದ್ದರೆ ತಲೆನೋವು. ಕೊಂಡಿ ತಪ್ಪು ಪುಟಕ್ಕೆ ಹೋದರೆ ವಿಕಿಪೀಡಿಯಗಳೆಲ್ಲ ಹಂಚಿಕೊಳ್ಳುವ ದತ್ತಾಂಶ ಭಂಡಾರವಾದ ವಿಕಿಡೇಟಾದಲ್ಲೂ ಅದೇ ಕೂರುತ್ತದೆ, ಅಲ್ಲಿಂದ ಹತ್ತು ಕಡೆಗೆ ಹರಿಯುತ್ತದೆ.

ಜಾಹೀರಾತು ಹುಡುಕುವುದು ನನಗೆ ಅತ್ಯಂತ ಇಷ್ಟದ ಕೆಲಸ. ಗ್ರಂಥಾಲಯದ ಸಂಪುಟಗಳಲ್ಲಿ ಶುಕ್ರವಾರದ ಪುಟಗಳನ್ನಷ್ಟೇ ತಿರುವುತ್ತಾ ಹೋಗುತ್ತೇನೆ. ‘ನಾಳೆಯಿಂದ’ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಪ್ರಿಂಟ್ ಬಾರದೆ ಬಿಡುಗಡೆ ಮುಂದೆ ಹೋದ ಉದಾಹರಣೆಗಳು ಬೇಕಾದಷ್ಟಿವೆ. ‘ಇಂದಿನಿಂದ’ ಎಂದಿರಬೇಕು, ಕೆಳಗೆ ಸ್ಟೇಟ್ಸ್, ಸಾಗರ್, ಕೆಂಪೇಗೌಡ ಎಂದು ಚಿತ್ರಮಂದಿರದ ಹೆಸರಿರಬೇಕು. ಆ ವಾರದ ಸಂಪುಟವೇ ಕಾಣೆಯಾಗಿದ್ದರೆ ಹಿಂದಕ್ಕೆ ಎಣಿಸುತ್ತೇನೆ. ಶುಕ್ರವಾರ ಬಿಡುಗಡೆಯಾದ ಚಿತ್ರದ 25ನೇ ದಿನ ಸೋಮವಾರ ಬರುತ್ತದೆ, 50ನೇ ದಿನ ಶುಕ್ರವಾರ, 100ನೇ ದಿನ ಶನಿವಾರ. ‘ಇಂದು 50ನೇ ದಿನ’ ಎಂಬ ಜಾಹೀರಾತು ಶುಕ್ರವಾರದ ಪತ್ರಿಕೆಯಲ್ಲಿದ್ದರೆ ಕಣ್ಣು ಮುಚ್ಚಿ ಏಳು ವಾರ ಹಿಂದಕ್ಕೆ ಹೋಗಬಹುದು. ಬುಧವಾರದ ಪತ್ರಿಕೆಯಲ್ಲಿದ್ದರೆ ಎರಡರಲ್ಲಿ ಒಂದು: ಹಬ್ಬದ ದಿನ ನೋಡಿ ಬಿಡುಗಡೆ ಮಾಡಿದ್ದಾರೆ, ಇಲ್ಲವೇ ನಿರ್ಮಾಪಕರು ಎಣಿಕೆಯಲ್ಲಿ ಧಾರಾಳಿಗಳು. ಪಂಚಾಂಗ ತೆಗೆದು ಆ ವಾರ ಯುಗಾದಿಯೋ ವರಮಹಾಲಕ್ಷ್ಮಿಯೋ ಇತ್ತೇ ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ. ಹುಬ್ಬಳ್ಳಿ ಕಡೆಯವರು ಬೇರೆ ದಿನಾಂಕ ಹೇಳಿದರೆ ಜಗಳಕ್ಕೆ ಹೋಗಬೇಡಿ. ಆಗ ಪ್ರಿಂಟುಗಳು ಕಡಿಮೆ, ಆ ಕಡೆಯ ಹಂಚಿಕೆ ವಲಯವೇ ಬೇರೆ. ಬೆಂಗಳೂರಿನ ಚಿತ್ರ ಅಲ್ಲಿಗೆ ವಾರಗಟ್ಟಲೆ ತಡವಾಗಿ ತಲುಪುತ್ತಿತ್ತು. ಎರಡೂ ದಿನಾಂಕಗಳನ್ನು ಬರೆದರೆ ಮುಗಿಯಿತು.

ಮೂರನೆಯ ಕಾಗದ ನಿಜವಾಗಿ ಕಾಗದವಲ್ಲ, ಚಿತ್ರದ ಮೊದಲ ಕೆಲವು ಕ್ಷಣ ತೆರೆಯ ಮೇಲೆ ನಿಲ್ಲುವ ಪ್ರಮಾಣಪತ್ರ. ಅದರಲ್ಲಿ ರೀಲುಗಳ ಸಂಖ್ಯೆ, ಉದ್ದ, ದಿನಾಂಕ ಇರುತ್ತವೆ. ಉದ್ದ ಹಳೆಯವುಗಳಲ್ಲಿ ಅಡಿಯ ಲೆಕ್ಕ, ಆಮೇಲಿನವುಗಳಲ್ಲಿ ಮೀಟರಿನ ಲೆಕ್ಕ. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. 4,100 ಮೀಟರ್ ಎಂದಿದ್ದರೆ ಚಿತ್ರ ಎರಡೂವರೆ ಗಂಟೆಯದು. ಯೂಟ್ಯೂಬ್ ಪ್ರತಿ 2 ಗಂಟೆ 24 ನಿಮಿಷ ತೋರಿಸಿದರೆ ದೃಶ್ಯ ಕತ್ತರಿಸಿದ್ದಾರೆ ಎಂದು ಗಾಬರಿಯಾಗುವವರಿದ್ದಾರೆ. ದೂರದರ್ಶನದ ಪದ್ಧತಿಗೆ ವರ್ಗಾಯಿಸುವಾಗ ಸೆಕೆಂಡಿಗೆ 24 ಚೌಕಟ್ಟಿನ ಬದಲು 25 ಓಡಿಸುತ್ತಾರೆ, ನೂರಕ್ಕೆ ನಾಲ್ಕು ಪಾಲು ತಾನಾಗಿಯೇ ಕುಗ್ಗುತ್ತದೆ. ಅದಕ್ಕೂ ಕಡಿಮೆ ಇದ್ದರೆ ಮಾತ್ರ ಕತ್ತರಿಯ ಕೆಲಸ. ಮಾಹಿತಿಚೌಕದಲ್ಲಿ ಅವಧಿ ಎಂದು ಯೂಟ್ಯೂಬ್ ಸಂಖ್ಯೆ ಬರೆಯುವವರನ್ನು ನಾನು ಕಂಡಕಂಡಲ್ಲಿ ತಿದ್ದುತ್ತೇನೆ. ತೊಂದರೆಯೆಂದರೆ, ಅಂತರ್ಜಾಲಕ್ಕೆ ಏರಿಸುವವರಲ್ಲಿ ಹೆಚ್ಚಿನವರು ಪ್ರಮಾಣಪತ್ರವನ್ನೇ ಕತ್ತರಿಸಿ ತಮ್ಮ ಕಂಪನಿಯ ಮುದ್ರೆ ಹಾಕುತ್ತಾರೆ. ಪ್ರಮಾಣಪತ್ರ ಉಳಿದಿರುವ ಪ್ರತಿಗಳು ಎಲ್ಲಿ ಸಿಗುತ್ತವೆ ಎಂಬುದು ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. ನಾಲ್ಕು ಜನ ಒಟ್ಟಿಗೆ ಹೋಗಿ ಬಾಗಿಲು ತಟ್ಟಿದರೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಪ್ರಮಾಣಪತ್ರದ ದಿನಾಂಕವನ್ನು ಬಿಡುಗಡೆಯ ದಿನಾಂಕವೆಂದು ತಿಳಿಯುವುದರಿಂದಲೇ ಇಸವಿಯ ಜಗಳಗಳು ಹುಟ್ಟುತ್ತವೆ. ರಾಷ್ಟ್ರಪ್ರಶಸ್ತಿಗೆ ಚಿತ್ರಗಳನ್ನು ಪರಿಗಣಿಸುವುದು ಪ್ರಮಾಣಪತ್ರ ಸಿಕ್ಕ ವರ್ಷದ ಮೇಲೆ. ಡಿಸೆಂಬರಿನಲ್ಲಿ ಸೆನ್ಸಾರ್ ಮುಗಿಸಿ ಫೆಬ್ರುವರಿಯಲ್ಲಿ ತೆರೆಕಂಡ ಚಿತ್ರಕ್ಕೆ ಎರಡು ಇಸವಿ ಅಂಟಿಕೊಳ್ಳುತ್ತದೆ. ‘ವಂಶವೃಕ್ಷ’ಕ್ಕಾಗಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಉತ್ತಮ ನಿರ್ದೇಶನದ ಪ್ರಶಸ್ತಿ ಹಂಚಿಕೊಂಡದ್ದು 1971ರ ಸಾಲಿನಲ್ಲಿ. ಪಟ್ಟಿಗಳಲ್ಲಿ ಅದನ್ನು 1972ರ ಚಿತ್ರವೆಂದೂ ಕಾಣುತ್ತೇವೆ. ನಾನು ಶೀರ್ಷಿಕೆಗೆ ಬಿಡುಗಡೆಯ ವರ್ಷ ಇಡುತ್ತೇನೆ, ಪ್ರಶಸ್ತಿಯ ಸಾಲನ್ನು ಒಳಗೆ ವಿವರಿಸುತ್ತೇನೆ. ಈ ಒಂದು ವಿಷಯಕ್ಕೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ಅರಳಿಕಟ್ಟೆಯಲ್ಲಿ ತಿಂಗಳುಗಟ್ಟಲೆ ಕಾದಾಡಿದ್ದೇನೆ.

ನಾಲ್ಕನೆಯದು ವಿಮರ್ಶೆ. ಅನುಮಾನಿಸಿದವರ ವಾದದಲ್ಲಿ ಹುರುಳಿದ್ದದ್ದು ಇಲ್ಲಿ ಮಾತ್ರ. ಪುಸ್ತಿಕೆ, ಜಾಹೀರಾತು ಎರಡೂ ನಿರ್ಮಾಪಕರ ಕೈಯವೇ, ಅವು ಚಿತ್ರದ ಪ್ರಾಮುಖ್ಯವನ್ನು ಸಾಬೀತು ಮಾಡುವುದಿಲ್ಲ. ಹಾಗಾಗಿ ‘ಸುಧಾ’, ‘ಪ್ರಜಾಮತ’, ‘ರೂಪತಾರಾ’ಗಳ ಹಳೆಯ ಸಂಚಿಕೆಗಳಲ್ಲಿ ಅರ್ಧ ಕಾಲಮ್ಮಾದರೂ ವಿಮರ್ಶೆ ಸಿಗಬೇಕು. ಅಂತರ್ಜಾಲದಲ್ಲಿ ಸ್ಕ್ಯಾನ್ ಆಗಿರುವ ಇಂಗ್ಲಿಷ್ ದಿನಪತ್ರಿಕೆಗಳೂ ಕೈಹಿಡಿಯುತ್ತವೆ, ಪದ ಹಾಕಿ ಹುಡುಕಿದರೆ ಏನೂ ಬಾರದು, ದಿನಾಂಕ ಹಿಡಿದು ಪುಟ ತಿರುವಬೇಕು. ಬಿಡುಗಡೆಯ ದಿನ ಮೊದಲೇ ಗೊತ್ತಿರುವುದರಿಂದ ಅದರ ಮುಂದಿನ ಎರಡು ಮೂರು ವಾರಗಳಲ್ಲಿ ವಿಮರ್ಶೆ ಬಲೆಗೆ ಬೀಳುತ್ತದೆ. ಅಳಿಸಿಹೋದ ನನ್ನ ನಾಲ್ಕೈದು ಲೇಖನಗಳೂ ವಿಮರ್ಶೆ ಸಿಗದವೇ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಪುಸ್ತಿಕೆಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆ. ಸವೆದ ಅಚ್ಚುಮೊಳೆಯ ಪ, ವ, ಷಗಳನ್ನು ಅದು ಬೆರಸಿಬಿಡುತ್ತದೆ. ಹಾಡಿನ ಸಾಲಾದರೆ ಊಹಿಸಬಹುದು, ವ್ಯಕ್ತಿಯ ಹೆಸರಾದರೆ ಹೊಸ ನಟನೊಬ್ಬನ ಜನ್ಮವಾಗುತ್ತದೆ. ಈಗ ಹೆಸರುಗಳನ್ನು ಕೈಯಲ್ಲೇ ಟೈಪಿಸುತ್ತೇನೆ. ಪೋಸ್ಟರುಗಳನ್ನು ವಿಕಿಪೀಡಿಯದ ಮುಕ್ತ ಚಿತ್ರಭಂಡಾರವಾದ ಕಾಮನ್ಸ್‌ಗೆ ಏರಿಸುವ ಆಸೆಯೂ ಇತ್ತು. ನಮ್ಮಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ 60 ವರ್ಷಕ್ಕೆ ಮುಗಿದರೂ ಅಮೆರಿಕದ ಕಾನೂನಿನ ದೆಸೆಯಿಂದ 1941ಕ್ಕೆ ಹಿಂದಿನವು ಮಾತ್ರ ಅಲ್ಲಿ ಸುರಕ್ಷಿತ. ಆ ಕಾಲದ ಕನ್ನಡ ವಾಕ್ಚಿತ್ರಗಳೇ ಕಡಿಮೆ, ಪೋಸ್ಟರು ಎಲ್ಲಿಂದ ಬರಬೇಕು? ಕೈಬಿಟ್ಟೆ.

ಧಾರಾವಾಹಿಗಳಿಗೂ ಕೈಹಾಕಿದೆ. 1998ರಲ್ಲಿ ಚಂದನದಲ್ಲಿ ಬಂದ ‘ಮಾಯಾಮೃಗ’ದಂಥವಕ್ಕೆ ಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ಅಂಕಣವೇ ಆಧಾರ. ಆರಂಭಕ್ಕೆ ಪ್ರಚಾರ ಇರುತ್ತದೆ, ಮುಕ್ತಾಯವನ್ನು ಯಾರೂ ಸಾರುವುದಿಲ್ಲ. ಅಂಕಣದಿಂದ ಹೆಸರು ಮಾಯವಾದ ದಿನವನ್ನು ಹಿಡಿದು ‘ಈ ವಾರದ ಹೊತ್ತಿಗೆ ಮುಗಿದಿತ್ತು’ ಎಂದಷ್ಟೇ ಬರೆಯಬೇಕು. ಇನ್ನು ಈಟಿವಿ ಕನ್ನಡ ವಾಹಿನಿ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿದ ಮೇಲೆ ಹಿಂದಿನ ಧಾರಾವಾಹಿಗಳಿಗೂ ಹೊಸ ಹೆಸರು ಅಂಟಿಸುವ ಉತ್ಸಾಹಿಗಳು ಹುಟ್ಟಿದ್ದಾರೆ. ಬದಲಾವಣೆಗಳ ಮೇಲೆ ಕಣ್ಣಿಡಲು ಗುರುತಿಸಿಕೊಂಡ ಪುಟಗಳ ನನ್ನ ವೀಕ್ಷಣಾಪಟ್ಟಿಯ ಅರ್ಧ ಅವರಿಗೇ ಮೀಸಲು.

ಒಮ್ಮೆ ಪ್ರಚಾರದ ಕೆಲಸ ಮಾಡುವವರೊಬ್ಬರು ಫೋನ್ ಮಾಡಿ, ಹೊಸ ನಟನೊಬ್ಬನ ಪುಟ ಮಾಡಿಕೊಟ್ಟರೆ ಹದಿನೈದು ಸಾವಿರ ಎಂದರು. ಹಣ ಪಡೆದದ್ದನ್ನು ಬಹಿರಂಗವಾಗಿ ಘೋಷಿಸಬೇಕೆಂದು 2014ರಿಂದ ನಿಯಮವಿದೆ, ಘೋಷಿಸಿಯೇ ಬರೆಯುತ್ತೇನೆ, ಎರಡು ಸ್ವತಂತ್ರ ಪತ್ರಿಕಾ ಬರಹಗಳನ್ನು ಕೊಡಿ ಎಂದೆ. ಆಮೇಲೆ ಫೋನ್ ಬರಲಿಲ್ಲ. ನನ್ನ ಕೈಯಿಂದ ಹೋದದ್ದು ಪುಸ್ತಿಕೆ, ನೆರಳಚ್ಚು, ಬಸ್ಸು, ಒಂದು ಹಾರ್ಡ್ ಡಿಸ್ಕ್ ಎಲ್ಲ ಸೇರಿ ಮೂವತ್ತೈದು ನಲವತ್ತು ಸಾವಿರ ಇರಬಹುದು. ಲೇಖನಕ್ಕೆ ಇನ್ನೂರು ರೂಪಾಯಿಗೆ ಹತ್ತಿರ ಬೀಳುತ್ತದೆ. ಗ್ರಂಥಾಲಯದಲ್ಲಿ ಮೊಬೈಲ್‌ನಲ್ಲಿ ಚಿತ್ರ ತೆಗೆಯಲು ಮೊದಲೇ ಒಪ್ಪಿದ್ದರೆ ಅದರಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತಿತ್ತು. ಆ ಅನುಮತಿ ಸಿಗಲು ಎರಡು ವರ್ಷ ಹಿಡಿಯಿತು, ಸಿಕ್ಕಿದ ಬಗೆಯನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸದ್ಯಕ್ಕೆ ಎಪ್ಪತ್ತರ ದಶಕದ ಕೊನೆಯ ಹನ್ನೆರಡೋ ಹದಿಮೂರೋ ಚಿತ್ರಗಳು ಮೂರು ಕಾಗದಕ್ಕೆ ಬಂದು ನಿಂತಿವೆ. ಎಲ್ಲಕ್ಕೂ ವಿಮರ್ಶೆಯದೇ ಕೊರತೆ. ಆ ವರ್ಷಗಳ ಸಿನಿಮಾ ಮಾಸಿಕಗಳು ಯಾರ ಅಟ್ಟದ ಮೇಲಾದರೂ ಇದ್ದರೆ ಮಾರುವುದು ಬೇಡ, ಒಂದು ಮಧ್ಯಾಹ್ನ ಕುಳಿತು ನೋಡಲು ಬಿಟ್ಟರೆ ಸಾಕು. ನೆರಳಚ್ಚಿನ ಖರ್ಚು ನನ್ನದು.