ಹೊಡೆತದ ಮನೆ ಬಿಟ್ಟು ಬಂದ ಮೇಲೆ ಮಗುವಿನ ಕಸ್ಟಡಿ ಕೇಳುವ ಬಗೆ

ನಾನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರೆ ಕಾನೂನು ಸ್ವಯಂಸೇವಕಿ. ಮಗುವನ್ನು ಎತ್ತಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳು ಮೊದಲು ಕೇಳುವುದು ಇದನ್ನೇ: "ಮೇಡಂ, ಮಗೂನ ಅವರು ಕಿತ್ಕೊಂಡ್ ಹೋಗ್ತಾರಾ?"

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆ. ಅದನ್ನೇ ನಂಬಿ ಕೂರಬೇಡಿ. ಕೋರ್ಟು ಕೊನೆಗೆ ನೋಡುವುದು ಮಗುವಿನ ಹಿತವನ್ನು. ನಿಮಗೆ ಬಿದ್ದ ಪೆಟ್ಟಿನ ಜೊತೆಗೆ, ಆಗ ಮಗು ಎಲ್ಲಿತ್ತು ಎಂಬುದೂ ನ್ಯಾಯಾಧೀಶರಿಗೆ ತಿಳಿಯಬೇಕು. ಅರ್ಜಿಯಲ್ಲಿ "ಕಿರುಕುಳ ಕೊಡುತ್ತಿದ್ದರು" ಎಂದಷ್ಟೇ ಇದ್ದರೆ ಸಾಲದು. "ಯುಗಾದಿಯ ಮರುದಿನ ರಾತ್ರಿ ಅಡುಗೆಮನೆಯಲ್ಲಿ ಹೊಡೆದರು, ಮಗಳು ಬಾಗಿಲ ಹಿಂದೆ ನಿಂತಿದ್ದಳು, ಅವತ್ತಿನಿಂದ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ" ಎಂದು, ನಡೆದದ್ದನ್ನು ನಡೆದ ಹಾಗೆ ವಕೀಲರಿಂದ ಬರೆಸಿ. ಒಂದು ಮಾತೂ ಹೆಚ್ಚಿಸಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಆಸ್ಪತ್ರೆ ಚೀಟಿ, ಪೊಲೀಸ್ ದೂರಿನ ಸ್ವೀಕೃತಿ, ತಾಯಿ ಕಾರ್ಡು, ಶಾಲೆಯ ಹಾಜರಿ ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಬೆದರಿಕೆಯ ವಾಯ್ಸ್ ಮೆಸೇಜ್ ಇರುವ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ. ಕೌಟುಂಬಿಕ ನ್ಯಾಯಾಲಯದಲ್ಲಿ ಸಾಕ್ಷ್ಯದ ನಿಯಮ ತುಸು ಸಡಿಲ. ವಿವಾದ ಬಗೆಹರಿಸಲು ನೆರವಾಗುತ್ತದೆ ಎನಿಸಿದ ದಾಖಲೆಯನ್ನು ನ್ಯಾಯಾಧೀಶರು ನೋಡಬಹುದು.

ಕಸ್ಟಡಿ ಅರ್ಜಿ ತೀರ್ಮಾನವಾಗಲು ತಡವಾಗುತ್ತದೆ. ಅಲ್ಲಿಯವರೆಗೆ ಕಾಯಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಹತ್ತಿರ ತಾತ್ಕಾಲಿಕ ಕಸ್ಟಡಿ ಕೇಳಬಹುದು. ನಮ್ಮಲ್ಲಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯಡಿಯ ಸಂರಕ್ಷಣಾಧಿಕಾರಿ, ಹಿಂಸೆಯ ವರದಿ ಬರೆಯುವವರೂ ಅವರೇ. ಅದರ ಪ್ರತಿಯನ್ನು ಕೇಳಿ ಪಡೆದು ಕಸ್ಟಡಿ ಫೈಲಿಗೂ ಹಾಕಿಸಿ. ಎರಡು ಕೋರ್ಟುಗಳಲ್ಲಿ ಎರಡು ಕಥೆ ಆಗಬಾರದು.

ಭೇಟಿಯ ಪ್ರಶ್ನೆ ಬಂದೇ ಬರುತ್ತದೆ. ಸುಮ್ಮನೆ "ಬೇಡ" ಎಂದರೆ ಹಟ ಅನ್ನಿಸಿಬಿಡುತ್ತದೆ. ಭೇಟಿಯಿಂದ ಮಗುವಿಗೆ ಹಾನಿ ಎನಿಸಿದರೆ ಅದನ್ನು ನಿರಾಕರಿಸುವ ಅಧಿಕಾರ ಅದೇ 21ನೇ ಕಲಮಿನಲ್ಲಿದೆ. ಕಾರಣ ತೋರಿಸಿ ಕೇಳಿ. ಅಷ್ಟು ಅಪಾಯವಿಲ್ಲದಿದ್ದರೆ ನೀವೇ ಷರತ್ತು ಮುಂದಿಡಿ: ಕೋರ್ಟಿನ ಆವರಣದಲ್ಲೇ, ಕೌನ್ಸೆಲರ್ ಎದುರು, ಕುಡಿದು ಬಂದರೆ ಭೇಟಿ ಇಲ್ಲ.

ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸುವುದುಂಟು. ದಯವಿಟ್ಟು ಬಾಯಿಪಾಠ ಮಾಡಿಸಬೇಡಿ. ಹೊಟ್ಟೆ ತುಂಬ ತಿನ್ನಿಸಿ ಕರೆತನ್ನಿ, "ನಿನಗೆ ಅನ್ನಿಸಿದ್ದು ಹೇಳು ಕಂದ" ಅನ್ನಿ, ಸಾಕು.

ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟಿನಲ್ಲಿರುವ ಸಮಿತಿ ಕಚೇರಿಗೆ ಆಧಾರ್ ಹಿಡಿದು ಬನ್ನಿ.