ಬೂದು ಬಣ್ಣದಡಿಯ ಬಿಳಿ ಅಕ್ಷರ: ವಿಮಾನದ ಪ್ಯಾನೆಲ್‌ಗೆ ಹೆಸರು ಬರೆದ ನನ್ನ ಅನುಭವ

ಅಗ್ಗದ ನೀಲಿ ಲೇಸರ್‌ನಿಂದ ವಿಮಾನದ ಅಲ್ಯೂಮಿನಿಯಂ ಪ್ಯಾನೆಲ್, ಅಂದರೆ ಪೈಲಟ್ ಮುಂದಿನ ಸ್ವಿಚ್ ಮತ್ತು ಉಪಕರಣಗಳ ಫಲಕದ ಮೇಲೆ ಅಕ್ಷರ ಮೂಡುವುದಿಲ್ಲ ಎಂದು ನಮ್ಮ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಸಾಲಿನಲ್ಲಿ ಕನಿಷ್ಠ ನಾಲ್ವರು ನನಗೆ ಹೇಳಿದ್ದರು. ಬರಿಯ ಲೋಹದ ಮಟ್ಟಿಗೆ ಅವರ ಮಾತು ಸರಿ. ನಾನು ಸುಡಬೇಕೆಂದಿದ್ದುದು ಲೋಹದ ಮೇಲಿನ ಬಣ್ಣವನ್ನು. ನಾನೇ ಕಟ್ಟಿದ ಆರ್‌ವಿ-9ಎ ಎಂಬ ಪುಟ್ಟ ವಿಮಾನ ಹಾರತೊಡಗಿ ಈಗ ಎರಡು ಬೇಸಿಗೆ ಕಳೆದಿವೆ, ಅದೂ ಅಮೆರಿಕದ ಮರುಭೂಮಿ ನಗರ ಫೀನಿಕ್ಸ್‌ನ ಬೇಸಿಗೆ. ಒಂದು ಅಕ್ಷರವೂ ಎದ್ದಿಲ್ಲ, ಒಂದೂ ಹಳದಿಗೆ ತಿರುಗಿಲ್ಲ. ನೋಡಿದವರು ಯಾವ ಅಂಗಡಿಯಲ್ಲಿ ಮಾಡಿಸಿದಿರಿ ಎಂದು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ.

ಎಲ್ಲರಂತೆ ನಾನೂ ಲೇಬಲ್ ಯಂತ್ರದ ಪಾರದರ್ಶಕ ಪಟ್ಟಿಯಿಂದಲೇ ಆರಂಭಿಸಿದೆ. ಗ್ಯಾರೇಜಿನ ದೀಪದಡಿಯಲ್ಲಿ ಚೆನ್ನಾಗಿಯೇ ಕಂಡಿತು. ಬಿಸಿಲಿಗೆ ತಂದಾಗ ಪ್ರತಿ ಪದದ ಸುತ್ತ ಪಟ್ಟಿಯ ಅಂಚು ಹೊಳೆಯಿತು. ಜೂನ್ ಮುಗಿಯುವಷ್ಟರಲ್ಲಿ ಮೂಲೆಗಳು ಮೇಲೆದ್ದವು. ಆಮೇಲೆ ಉಜ್ಜಿ ಅಂಟಿಸುವ ಬಿಳಿ ಅಕ್ಷರಗಳ ಹಾಳೆಗಳನ್ನು ನನ್ನದೇ ವಿನ್ಯಾಸದಲ್ಲಿ ಮಾಡಿಸಿಕೊಂಡೆ. ಎರಡು ಹಾಳೆಗೆ ಸುಮಾರು 90 ಡಾಲರ್. ಅಂಟಿಸಿದಾಗ ಅಷ್ಟು ಚೆಂದದ ಅಕ್ಷರ ಇನ್ನೊಂದಿಲ್ಲ ಎನ್ನಿಸಿತ್ತು. ಮೇಲೆ ಡಬ್ಬಿಯ ಲ್ಯಾಕರ್ (ಪಾರದರ್ಶಕ ಮೆರುಗು) ಸಿಂಪಡಿಸಿದ ಕೂಡಲೇ ಅಷ್ಟೂ ಅಕ್ಷರಗಳು ಬಾಣಲೆಗೆ ಬಿದ್ದ ಹಪ್ಪಳದಂತೆ ಸುರುಟಿಕೊಂಡವು. ಲ್ಯಾಕರ್‌ನಲ್ಲಿದ್ದ ದ್ರಾವಕ ಅಕ್ಷರದ ಶಾಯಿಯನ್ನೇ ತಿಂದಿತ್ತು. ಮೊದಲು ಮಂಜಿನಂತೆ ನಾಲ್ಕೈದು ತೆಳು ಪದರ ಹಾಕಿ ಒಣಗಿಸಬೇಕಿತ್ತು ಎಂದು ಆಮೇಲೆ ತಿಳಿಯಿತು. ಆ ದಿನ ಮಾತ್ರ ಪ್ಯಾನೆಲನ್ನು ಮತ್ತೆ ಲೋಹದವರೆಗೆ ಉಜ್ಜಿದೆ. ನೀರಿನಲ್ಲಿ ನೆನೆಸಿ ಜಾರಿಸುವ ತೆಳು ಪೊರೆಯ ಅಕ್ಷರಗಳನ್ನೂ (ಡೆಕಾಲ್) ಬಿಳಿ ಟೋನರ್‌ನಲ್ಲಿ ಮುದ್ರಿಸಿ ತರಿಸಿದೆ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ತರಿಯಲ್ಲಿ ಗಾಳಿ ಸಿಕ್ಕಿಕೊಂಡು ಅವುಗಳಡಿಯಲ್ಲಿ ಬೆಳ್ಳಿಯ ಛಾಯೆ ಉಳಿಯಿತು. ಅದರ ಬಗ್ಗೆ ಇನ್ನು ಹೇಳುವಂಥದ್ದಿಲ್ಲ.

ಕೊನೆಗೆ ಒಂದು ಕೆತ್ತನೆ ಅಂಗಡಿಗೆ ಕೊಟ್ಟೆ. ಸುಮಾರು 400 ಡಾಲರ್ ತೆಗೆದುಕೊಂಡರು. ನಾನು ಕಳುಹಿಸಿದ ಅಕ್ಷರವಿನ್ಯಾಸ ಅವರ ಗಣಕದಲ್ಲಿ ಇರಲಿಲ್ಲ. ಕೇಳದೆ ಬೇರೊಂದನ್ನು ಹಾಕಿ ಕೆತ್ತಿಬಿಟ್ಟರು. ಪದಗಳು ಉದ್ದವಾಗಿ, ಸ್ವಿಚ್‌ಗಳ ತೂತಿನೊಳಗೆ ಹೋಗಿ ಕುಳಿತವು. ಹಣ ವಾಪಸು ಬರಲಿಲ್ಲ. ಹೊಸ ತಗಡು ಕತ್ತರಿಸಿ, ಉಪಕರಣಗಳ ದೊಡ್ಡ ತೂತುಗಳನ್ನೆಲ್ಲ ಮತ್ತೆ ಕೊರೆಯುವುದರಲ್ಲಿ ಮೂರು ವಾರಾಂತ್ಯ ಹೋದವು. ಒಟ್ಟು ಸೋಲಿನ ಲೆಕ್ಕ 650ರಿಂದ 700 ಡಾಲರ್ ಇರಬಹುದು.

ದಾರಿ ಹೊಳೆದದ್ದು ಅಪ್ಪನ ಜೊತೆ ಮಾತನಾಡುವಾಗ. ಎಚ್‌ಟಿ-2 ತರಬೇತಿ ವಿಮಾನಗಳು ಇನ್ನೂ ಹಾರುತ್ತಿದ್ದ ಕಾಲದಲ್ಲಿ ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದರು. ಅಚ್ಚಿನ ಆಕಾರವನ್ನು ನಕಲಿಸಿ ಕೆತ್ತುವ ಪ್ಯಾಂಟೋಗ್ರಾಫ್ ಯಂತ್ರದಲ್ಲಿ ಹಿತ್ತಾಳೆಯ ಅಚ್ಚುಗಳನ್ನು ಜೋಡಿಸಿ ಹೆಸರಿನ ಪಟ್ಟಿಗಳನ್ನು ಕೆತ್ತುತ್ತಿದ್ದರು. ಎರಡು ಬಣ್ಣದ ಪದರಗಳಿರುವ ಹಾಳೆಯಲ್ಲಿ ಮೇಲಿನ ಕಪ್ಪನ್ನು ಕೆತ್ತಿದರೆ ಒಳಗಿನ ಬಿಳಿ ಕಾಣುತ್ತಿತ್ತು ಎಂದು ಅವರು ವರ್ಣಿಸುತ್ತಿದ್ದಂತೆ, ಅದೇ ಎರಡು ಪದರಗಳನ್ನು ನಾನು ಬಣ್ಣದಲ್ಲಿಯೇ ಮಾಡಬಹುದಲ್ಲ ಎನ್ನಿಸಿತು. ನೀಲಿ ಬೆಳಕನ್ನು ಕಪ್ಪು ಬಣ್ಣ ಹೀರುತ್ತದೆ, ಬಿಳಿ ಬಣ್ಣ ಹಿಂದಕ್ಕೆ ಎಸೆಯುತ್ತದೆ. ಅಂದರೆ ಮೇಲಿನ ಪದರ ಸುಟ್ಟುಹೋದ ಮೇಲೆ ಸುಡುವುದು ತಾನಾಗಿಯೇ ನಿಲ್ಲಬೇಕು.

ಇದಕ್ಕೆ ಹ್ಯಾಂಗರ್‌ನ ಗೆಳೆಯರೊಬ್ಬರು ಹೇಳಿದ ಆಕ್ಷೇಪ ತೂಕದ್ದಾಗಿತ್ತು. ಟೈಲ್ಸ್‌ಗೆ ಬಿಳಿ ಬಣ್ಣ ಬಳಿದು ಇದೇ ಲೇಸರ್‌ನಲ್ಲಿ ಕಪ್ಪು ಚಿತ್ರ ಬಿಡಿಸುತ್ತಾರೆ, ಆ ಬಿಳಿಯಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕಾವಿಗೆ ಕಪ್ಪಾಗುತ್ತದೆ, ನಿನ್ನ ಅಕ್ಷರಗಳಿಗೂ ಅದೇ ಗತಿ ಎಂದರು. ಮೊದಲ ಏಳೆಂಟು ಪರೀಕ್ಷಾ ತುಂಡುಗಳಲ್ಲಿ ಹಾಗೆಯೇ ಆಯಿತು. ಅಂಚೆಲ್ಲ ಕಂದು. ನಾನು ಆಗ ತಿಳಿಬೂದು ಬಣ್ಣ ಬಳಸಿದ್ದೆ. ಅದು ಬೆಳಕನ್ನು ಸಾಕಷ್ಟು ಹೀರದೆ, ನಾನು ಶಕ್ತಿಯನ್ನು ಏರಿಸುತ್ತ ಹೋಗಿ, ಕೊನೆಗೆ ಬಿಳಿಯನ್ನೂ ಹುರಿದಿದ್ದೆ. ಬೂದನ್ನು ಇದ್ದಿಲಿನ ಬಣ್ಣದ ಹತ್ತಿರಕ್ಕೆ ಗಾಢವಾಗಿಸಿದೆ. ಲೇಸರ್‌ನ ಒಂದೇ ನಿಧಾನ ಓಟದ ಬದಲು ಕಡಿಮೆ ಶಕ್ತಿಯ ಮೂರು ವೇಗದ ಓಟಗಳಿಗೆ ಬದಲಾಯಿಸಿದೆ. ಪ್ರತಿ ಓಟದ ನಡುವೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಮಸಿ ಒರೆಸಿದೆ. ಹದಿನಾಲ್ಕನೆಯದೋ ಹದಿನೈದನೆಯದೋ ತುಂಡಿನಲ್ಲಿ ಹಾಲಿನಂಥ ಬಿಳಿ ಬಂತು. ಆ ತುಂಡು ಇಂದಿಗೂ ನನ್ನ ಮೇಜಿನ ಮೇಲಿದೆ.

ನನ್ನ ಕ್ರಮ ಹೀಗಿದೆ. 1.6 ಮಿಲಿಮೀಟರ್‌ನ, 2024 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತಗಡನ್ನು ಕೆರೆದು ಎಪಾಕ್ಸಿ ಪ್ರೈಮರ್, ಮೇಲೆ ಎರಡು ಭಾಗಗಳನ್ನು ಬೆರೆಸಿ ಬಳಸುವ ಬಿಳಿ ಯುರೆಥೇನ್ ಬಣ್ಣ. ಅದು ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಡುತ್ತೇನೆ. ಬಿಳಿಯನ್ನು ನುಣ್ಣನೆಯ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ, ಬೂದು ಬಣ್ಣದ ಎರಡು ತೆಳು ಪದರ. ಇಲ್ಲಿ ದಪ್ಪವಾದರೆ ಕೆಲಸ ಕೆಟ್ಟಿತು. ನನ್ನದು 10 ವಾಟ್‌ನ ಡಯೋಡ್ ಲೇಸರ್. ನಿಮಿಷಕ್ಕೆ 4000 ಮಿಲಿಮೀಟರ್ ವೇಗ, ಶಕ್ತಿ ಶೇಕಡಾ 30ರ ಆಸುಪಾಸು, ಗೆರೆಗಳ ನಡುವೆ 0.08 ಮಿಲಿಮೀಟರ್. ನಿಮ್ಮ ಬಣ್ಣಕ್ಕೆ ಈ ಅಂಕಿಗಳು ಬದಲಾಗುತ್ತವೆ, ತುಂಡಿನ ಮೇಲೆ ನೋಡದೆ ಪ್ಯಾನೆಲ್ ಮುಟ್ಟಬೇಡಿ. ಕೊನೆಗೆ ಎರಡು ಭಾಗಗಳ ಮ್ಯಾಟ್ ಕ್ಲಿಯರ್, ಅಂದರೆ ಪಾರದರ್ಶಕ ಪದರ. ಬೂದು ಬಣ್ಣಕ್ಕೆ ನಾನು ಒಂದು ಚಿಟಿಕೆ ಪುಡಿ ಬೆರೆಸುತ್ತೇನೆ, ಅಕ್ಷರದ ಅಂಚು ಚೂರಿಯಿಂದ ಕತ್ತರಿಸಿದಂತೆ ಬರುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಹ್ಯಾಂಗರ್‌ಗೆ ಬಂದವರಿಗೆ ತೋರಿಸುತ್ತೇನೆ.

ಹೊಗೆಯ ವಿಷಯದಲ್ಲಿ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ. ಯುರೆಥೇನ್ ಸುಟ್ಟ ಹೊಗೆ ಶ್ವಾಸಕೋಶಕ್ಕೆ ವಿಷ. ಪ್ಲೈವುಡ್ ಪೆಟ್ಟಿಗೆ ಕಟ್ಟಿ, ಫ್ಯಾನ್ ಇಟ್ಟು, ಕೊಳವೆಯಿಂದ ಹೊರಗೆ ಬಿಟ್ಟಿದ್ದೇನೆ. ಈ ನೀಲಿ ಬೆಳಕಿನ ತರಂಗಾಂತರವಾದ 450 ನ್ಯಾನೊಮೀಟರ್‌ಗೆಂದೇ ಮಾಡಿದ ಕನ್ನಡಕವಿಲ್ಲದೆ ಯಂತ್ರ ಚಾಲೂ ಮಾಡುವುದಿಲ್ಲ. ಅಂಚು ಮುಚ್ಚಲು ವಿನೈಲ್ ಹಾಳೆ ಬಳಸುವವರಿದ್ದಾರೆ, ಅದು ಪಿವಿಸಿ ಪ್ಲಾಸ್ಟಿಕ್, ಸುಟ್ಟರೆ ಕ್ಲೋರಿನ್ ಬೆರೆತ ಆಮ್ಲದ ಹೊಗೆ ಬರುತ್ತದೆ. ದಯವಿಟ್ಟು ಬೇಡ.

ಅಕ್ಷರವಿನ್ಯಾಸಕ್ಕೆ ಏರ್‌ಬಸ್ ತನ್ನ ಕಾಕ್‌ಪಿಟ್ ಪರದೆಗಳಿಗೆ ಮಾಡಿಸಿದ ಬಿ612 ಆರಿಸಿಕೊಂಡೆ. ಉಚಿತವಾಗಿ ಸಿಗುತ್ತದೆ, ಒಂದರ ಅಂಕಿಯೂ ಐ ಅಕ್ಷರವೂ ಗೊಂದಲವಾಗುವುದಿಲ್ಲ. ಹಳೆಯ ಡಯಲ್‌ಗಳ ಎಂಎಸ್33558 ಎಂಬ ಅಕ್ಷರವಿನ್ಯಾಸ ನೋಡಲು ನನಗೆ ಇನ್ನೂ ಇಷ್ಟ, ಆದರೆ ಡಿಜಿಟಲ್ ಪರದೆಗಳ ಪಕ್ಕದಲ್ಲಿ ಹೊಂದಲಿಲ್ಲ. ಸ್ವಿಚ್‌ಗಳಿಗೆ ಸುಮಾರು 3 ಮಿಲಿಮೀಟರ್ ಎತ್ತರ, ಎಲ್ಲವೂ ದೊಡ್ಡಕ್ಷರ. ಮೊದಲ ಚಿತ್ರವನ್ನು ಅಪ್ಪನಿಗೆ ಕಳುಹಿಸಿದಾಗ ‘ಒತ್ತೊತ್ತಾಗಿದೆ, ದೂರ ದೂರ ಇಡೋ, ಕೂತು ನಡುಗುವಾಗ ಓದಬೇಕಲ್ಲ’ ಎಂದರು. ಅಕ್ಷರಗಳ ನಡುವಿನ ಜಾಗವನ್ನು ಶೇಕಡಾ 10 ಹೆಚ್ಚಿಸಿದೆ. ಪ್ಯಾನೆಲ್ ಅಂಗಡಿಯದರಂತೆ ಕಾಣಲು ಅರ್ಧ ಕಾರಣ ಅದೇ.

ನನ್ನ ಯಂತ್ರದ ಹಾಸು 40 ಸೆಂಟಿಮೀಟರ್, ಸ್ವಿಚ್‌ಗಳ ಪಟ್ಟಿ ಸುಮಾರು 60. ಎರಡು ಬಾರಿ ಇಡಬೇಕು. ಮೊದಲ ಸಲ ಕಣ್ಣಳತೆಯಲ್ಲಿ ಇಟ್ಟು ಎರಡನೆಯ ಅರ್ಧ ಒಂದು ಮಿಲಿಮೀಟರ್ ಇಳಿಯಿತು. ಒಂದು ಮಿಲಿಮೀಟರ್ ಎಂದರೆ ಏನೂ ಅಲ್ಲ ಎನ್ನುವವರು ಆ ಸಾಲನ್ನು ನೋಡಬೇಕಿತ್ತು. ಈಗ ಹಾಸಿನ ಹಲಗೆಗೆ ಎರಡು ಉಕ್ಕಿನ ಪಿನ್ ಬಡಿದು, ಪಟ್ಟಿಯ ಸ್ಕ್ರೂ ತೂತುಗಳನ್ನೇ ಅವುಗಳ ಮೇಲೆ ಕೂರಿಸುತ್ತೇನೆ.

ಪರೀಕ್ಷೆಗೆ ಜುಲೈ ತಿಂಗಳಿಡೀ ಆರು ತುಂಡುಗಳನ್ನು ಕಾರಿನ ಗಾಜಿನಡಿ ಬಿಸಿಲಿಗಿಟ್ಟೆ. ವಿಮಾನದ ಪೆಟ್ರೋಲ್, ಸನ್‌ಸ್ಕ್ರೀನ್, ಬೆವರು ಯಾವುದಕ್ಕೂ ಜಗ್ಗಲಿಲ್ಲ. ಡೀಟ್ ಎಂಬ ರಾಸಾಯನಿಕವಿರುವ ಸೊಳ್ಳೆ ಎಣ್ಣೆ ಮಾತ್ರ ಮ್ಯಾಟ್ ಪದರದ ಮೇಲೆ ಬೆರಳಿನ ಹೊಳಪು ಗುರುತು ಬಿಟ್ಟಿತು. ಅದನ್ನು ಹಚ್ಚಿಕೊಂಡವರು ಕೈ ತೊಳೆಯದಿದ್ದರೆ ನಾನು ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ.

ನಡುವೆ ಕನ್ನಡದ ಪ್ರಯೋಗವನ್ನೂ ಮಾಡಿದೆ. 3 ಮಿಲಿಮೀಟರ್‌ನಲ್ಲಿ ‘ದೀಪ’ ಸೊಗಸಾಗಿ ಬಂತು. ‘ಎಣ್ಣೆ ಒತ್ತಡ’ ಎಂದು ಬರೆದರೆ ಒತ್ತಕ್ಷರಗಳು ಮುದ್ದೆಯಾದವು. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಗೆರೆಯ ಮೇಲೆ ನಿಲ್ಲುತ್ತವೆ, ನಮ್ಮ ಒತ್ತುಗಳಿಗೆ ಕೆಳಗೆ ಇನ್ನೊಂದು ಅಂತಸ್ತು ಬೇಕು. 5 ಮಿಲಿಮೀಟರ್‌ಗೆ ಏರಿಸಿದ ಮೇಲೆ ಸುಳಿಗಳೆಲ್ಲ ಬಿಡಿಬಿಡಿಯಾಗಿ ಮೂಡಿದವು. ಬೇರೆ ಪೈಲಟ್ ಕೂತರೂ ತಿಳಿಯಬೇಕಾದ್ದರಿಂದ ಸ್ವಿಚ್‌ಗಳನ್ನು ಇಂಗ್ಲಿಷಿನಲ್ಲೇ ಉಳಿಸಿದೆ. ನಕ್ಷೆ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾತ್ರ 8 ಮಿಲಿಮೀಟರ್‌ನ ‘ನಕ್ಷೆ’ ಇದೆ. ಇಡೀ ವಿಮಾನದಲ್ಲಿ ನನಗೆ ಅತಿ ಪ್ರಿಯವಾದ ಅಕ್ಷರಗಳು ಅವೇ.

ಪ್ರಯಾಣಿಕರಿಗೆ ಕಾಣುವಂತಿರಬೇಕಾದ ‘ಇದು ಹವ್ಯಾಸಿಯೊಬ್ಬ ಕಟ್ಟಿದ ವಿಮಾನ’ ಎಂಬ ಎಚ್ಚರಿಕೆಯನ್ನೂ ಇದೇ ವಿಧಾನದಲ್ಲಿ ಮಾಡಿದೆ. ಬಾಗಿಲ ಬಳಿಯ ‘ಎಕ್ಸ್‌ಪೆರಿಮೆಂಟಲ್’ (ಪ್ರಾಯೋಗಿಕ) ಎಂಬ ಪದ ಕನಿಷ್ಠ ಎರಡು ಅಂಗುಲ ಎತ್ತರವಿರಬೇಕಾದ್ದರಿಂದ ಅದಕ್ಕೆ ಲೇಸರ್ ಮುಟ್ಟಿಸದೆ ಕತ್ತರಿಸಿದ ವಿನೈಲ್ ಸಾಕು. ಪರಿಶೀಲನೆಗೆ ಬಂದ ಅಧಿಕಾರಿ ಸ್ವಿಚ್ ಪಟ್ಟಿಯ ಮೇಲೆ ಉಗುರಿನಿಂದ ಗೀಚಿ ನೋಡಿ, ನನ್ನ ಮುಖ ನೋಡಿದರು.

ಲೇಸರ್ 280, ಬಣ್ಣಗಳು 120, ಕನ್ನಡಕ ಮತ್ತು ಹೊಗೆಪೆಟ್ಟಿಗೆ ಸೇರಿ 100 ಡಾಲರ್ ಆಗಿರಬಹುದು. ಕಳೆದ ಚಳಿಗಾಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ದೀಪ ಸೇರಿಸಿದಾಗ ಪಟ್ಟಿಯನ್ನೇ ಹೊಸದಾಗಿ ಮಾಡಿದೆ. ಬಣ್ಣ, ತಗಡು ಸೇರಿ ಖರ್ಚು ಹತ್ತು ಡಾಲರ್ ದಾಟಲಿಲ್ಲ. ಅಂಗಡಿಯವರ ಬಳಿ ಹೋಗಿದ್ದರೆ ಮತ್ತೆ ನೂರಾರು.

ಟೈಲ್ಸ್‌ನ ಆಕ್ಷೇಪ ಎತ್ತಿದ ಗೆಳೆಯರು ಮೊನ್ನೆ ತಮ್ಮ ಸ್ವಿಚ್ ಪಟ್ಟಿಯನ್ನು ತಂದುಕೊಟ್ಟರು. ಬೂದು ಬಣ್ಣ ಚೆನ್ನಾಗಿಯೇ ಹೊಡೆದಿದ್ದಾರೆ, ಕೆಳಗೆ ಬಿಳಿ ಹಾಕಿಲ್ಲ. ಪ್ರೈಮರ್‌ವರೆಗೆ ಉಜ್ಜಿಕೊಂಡು ಬರಲು ಹೇಳಿದ್ದೇನೆ. ಬಿಳಿ ಬಣ್ಣ ನನ್ನ ಡಬ್ಬಿಯಲ್ಲಿ ಅವರಿಗಾಗುವಷ್ಟು ಉಳಿದಿದೆ.